ಡ್ರ್ಯಾಗನ್ ಎಷ್ಟು ತಿನ್ನುತ್ತೆ?

ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೂಜಿ,

ಹೇಗಿದ್ದೀಯ? ನಿನ್ನ ಯಜಮಾನರು, ಮಗಳು ಚೆನ್ನಾಗಿದ್ದಾರೆ ತಾನೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಬೇಡ. ಡ್ಯೂಟಿ ಜಾಸ್ತಿ ಇತ್ತು ಅಂತ ಬರೆಯೋಣ ಅಂದ್ಕೊಂಡೆ. ಆದ್ರೆ ಇದೇ ಆಸ್ಪತ್ರೆಯಲ್ಲಿ ನನ್ನ ಜೊತೆ ವರ್ಷಗಟ್ಟಲೆ ನರ್ಸಾಗಿದ್ದವಳು ನೀನು. ಎಕ್ಸ್‌-ರೇ ಕೋಣೆಯಲ್ಲಿ ಕೆಲಸ ಎಷ್ಟಿರುತ್ತೆ, ಬಾಗಿಲು ಹಾಕ್ಕೊಂಡು ಪುಸ್ತಕ ಓದೋದು ಎಷ್ಟಿರುತ್ತೆ ಅಂತ ನಿನಗೆ ನಾನು ಹೇಳಬೇಕಾ? ಮುನಿಸಿಕೊಂಡಿದ್ದೆ. ಅಷ್ಟೇ ವಿಷಯ.

ಮೊದಲು ಇಲ್ಲಿನ ಸುದ್ದಿ. ನನ್ನ ಕೋಣೆಗೆ ಹೊಸ ಯಂತ್ರ ಬಂತು. ಈಗ ಫಿಲಂ ತೊಳೆಯೋ ಕೆಲಸ ಇಲ್ಲ, ಮೂಳೆ ನೇರವಾಗಿ ಪರದೆ ಮೇಲೇ ಬಂದು ನಿಲ್ಲುತ್ತೆ. ಕತ್ತಲೆ ಕೋಣೆಯಲ್ಲಿ ಮುರಿದ ಗಾಲಿಕುರ್ಚಿಗಳನ್ನ ತುಂಬಿದ್ದಾರೆ. ನಾವು ಊಟಕ್ಕೆ ಕೂರ್ತಿದ್ದ ಹಿಂದಿನ ಮೆಟ್ಟಿಲಿಗೆ ಕಬ್ಬಿಣದ ಗೇಟು ಬಂದಿದೆ, ಆದ್ರೆ ಕಾವಲುಗಾರ ನನಗೆ ಬೀಗ ತೆಗೆದುಕೊಡ್ತಾನೆ. ಅಲ್ಲೇ ಅಲ್ವೇನೇ ನಾವು ಒಂದು ಪುಸ್ತಕವನ್ನ ನಡುವೆ ಸೀಳಿ ಹಂಚಿಕೊಂಡಿದ್ದು? ನಿನ್ನ ಪಾಲಿಗೆ ಹಿಂದಿನ ಅರ್ಧ ಬಂತು. ರಾಜಕುಮಾರಿ ಸಾಯ್ತಾಳೆ ಅಂತ ಮೊದಲೇ ಓದಿಬಿಟ್ಟು, ನಾನು ಅಲ್ಲಿಗೆ ಬರೋವರೆಗೂ ಪಾಪ ಅನ್ನೋ ಮುಖ ಮಾಡ್ಕೊಂಡು ನನ್ನನ್ನೇ ನೋಡ್ತಿದ್ದೆ. ಸೂಜಿ ಮತ್ತು ಮೂಳೆ ಅಂತ ಇಡೀ ಆಸ್ಪತ್ರೆ ನಮ್ಮನ್ನ ಒಂದೇ ಉಸಿರಲ್ಲಿ ಕರೀತಿತ್ತು.

ಇರಲಿ. ಈಗ ನಿನ್ನ ಹೊಸ ಗೆಳತಿ, ಆ ರಾಕೆಟ್ಟಿನ ವಿಷಯಕ್ಕೆ ಬರ್ತೀನಿ.

ಯಜಮಾನರಿಗೆ ವರ್ಗ ಆಗಿ ನೀನು ಆ ಊರಿಗೆ ಹೋದೆ. ಅಲ್ಲಿ ಓದುಗರ ಬಳಗ ಸೇರಿದೆ ಅಂದಾಗ ನನಗೆ ಖುಷಿನೇ ಆಯ್ತು, ನಿಜ ಹೇಳ್ತೀನಿ. ಮೊದಲ ಕಾಗದದಲ್ಲಿ ‘ಬಳಗದಲ್ಲಿ ನೀರಿನ ಇಲಾಖೆಯ ಎಂಜಿನಿಯರ್ ಒಬ್ಬರಿದ್ದಾರೆ, ವಿಜ್ಞಾನ ಕಥೆ ಅಂದ್ರೆ ಪ್ರಾಣ ಅವರಿಗೆ’ ಅಂತಿತ್ತು. ಆಮೇಲೆ ‘ನಮ್ಮ ಎಂಜಿನಿಯರ್’ ಆದ್ರು. ಆಮೇಲೊಂದು ಕಾಗದದಲ್ಲಿ ‘ಅವಳು ಹೇಳಿದ್ಳು’ ಅಂತಿತ್ತು. ‘ಅವರು’ ಯಾವಾಗ ‘ಅವಳು’ ಆದ್ರು ಅಂತ ನಾನು ಹಳೇ ಕಾಗದಗಳನ್ನೆಲ್ಲ ಹಾಸಿಗೆ ಮೇಲೆ ಹರವಿಕೊಂಡು ಹುಡುಕಿದೆ. ನನ್ನ ಗಂಡ ನೋಡಿ, “ನಾನು ಇನ್ನೊಬ್ಬಳನ್ನ ಕಟ್ಟಿಕೊಂಡು ಬಂದ್ರೂ ನೀನು ಇಷ್ಟು ಉರಿಯಲ್ಲ” ಅಂದ್ರು. “ನಿಮ್ಮನ್ನ ಯಾರು ಕಟ್ಕೋತಾರೆ, ಸುಮ್ಮನಿರಿ” ಅಂದೆ. ಆದ್ರೂ ಆ ಮಾತು ನಾಟಿತು. ಗೆಳತಿಗೂ ಸವತಿ ಬರ್ತಾಳೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಅದಾದಮೇಲೆ ನೀನು ಬರೆದೆ: ‘ಮಾಯಾಲೋಕದ ಕಥೆ ಈಗೀಗ ಸಪ್ಪೆ ಅನ್ನಿಸುತ್ತೆ ಕಣೇ. ವಿಜ್ಞಾನ ಕಥೆಯಲ್ಲಿ ಯೋಚನೆ ಇದೆ.’ ಅದು ನಿನ್ನ ಮಾತೇ ಅಲ್ಲ. ನಿನ್ನ ಅಕ್ಷರದಲ್ಲಿ ಅವಳ ಮಾತು.

ನನ್ನ ಅಭಿಪ್ರಾಯ ನಿನಗೆ ಗೊತ್ತು, ಮರೆತ ಹಾಗಿದೆ, ಅದಕ್ಕೆ ಇನ್ನೊಮ್ಮೆ ಬರೀತೀನಿ. ಇಡೀ ದಿನ ಜನರ ಒಳಗೆ ಏನಿದೆ ಅಂತ ನೋಡೋಳಿಗೆ ಮನೆಗೆ ಬಂದಮೇಲೂ ಎಲ್ಲಾ ಬಿಚ್ಚಿ ತೋರಿಸೋ ಕಥೆ ಬೇಡ. ಮಾಯಾಲೋಕದ ಕಥೆ ಅಂದ್ರೆ ಮೊದಲ ಪುಟದಲ್ಲಿ ನಕ್ಷೆ ಇರಬೇಕು. ಅದರ ಮೂಲೆಯಲ್ಲೊಂದು ಕಾಡು ಇರಬೇಕು, ಕಥೆ ಮುಗಿದರೂ ಅಲ್ಲಿಗೆ ಯಾರೂ ಹೋಗಿರಬಾರದು. ಮಂತ್ರ ಹಾಕಿದವನು ಏನಾದ್ರೂ ಕಳ್ಕೋಬೇಕು, ಪುಕ್ಕಟೆ ಮಂತ್ರ ನನಗಾಗಲ್ಲ. ಲೋಕ ಉಳಿಸೋನು ಇವನೇ ಅಂತ ಹುಟ್ಟುವಾಗಲೇ ಹಣೆಯಲ್ಲಿ ಬರೆಸಿಕೊಂಡು ಬಂದ ನಾಯಕನೂ ಆಗಲ್ಲ. ಅವನಿಗಿಂತ ಅವನ ಕುದುರೆ ಹೆಚ್ಚು ಕಷ್ಟಪಟ್ಟಿರುತ್ತೆ. ಇನ್ನು ನಿಮ್ಮ ವಿಜ್ಞಾನ ಕಥೆ! ಹೆಸರಿನ ಬದಲು ನಂಬರು ಇಟ್ಕೊಂಡ ಜನ, ಪುಟಗಟ್ಟಲೆ ಎಂಜಿನ್ ವರ್ಣನೆ, ಕೊನೆಗೆ ಮನುಷ್ಯ ಆಗಬೇಕು ಅಂತ ಅಳೋ ಒಂದು ಯಂತ್ರ. ಮನುಷ್ಯರಾಗಿ ನಾವೇನು ಸುಖ ಕಂಡಿದ್ದೀವಿ ಅಂತ ಅದಕ್ಕೆ ಯಾರೂ ಬುದ್ಧಿ ಹೇಳಲ್ವಾ? ಕಾಲದಲ್ಲಿ ಹಿಂದೆ ಹೋಗೋರೆಲ್ಲ ಯುದ್ಧ ನಿಲ್ಲಿಸೋಕೇ ಹೋಗ್ತಾರೆ. ಸತ್ತುಹೋದ ಅಮ್ಮನ ಕೈಯಲ್ಲಿ ಒಂದ್ಸಲ ತಲೆ ಬಾಚಿಸಿಕೊಂಡು ಬರೋಣ ಅಂತ ಹೋದವರ ಕಥೆ ಇದ್ರೆ ಹೇಳು, ನಾನೂ ನಿಮ್ಮ ಕಡೆ ಸೇರ್ತೀನಿ.

ಇದನ್ನೆಲ್ಲ ನಿಮ್ಮ ಬಳಗದ ಮುಂದೆ ಹೇಳೋಕೆ ಅಂತಲೇ ನಾನು ಅವತ್ತು ನಿನ್ನೂರಿಗೆ ಬಂದಿದ್ದು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ನಿಮ್ಮ ಗ್ರಂಥಾಲಯದ ಮಹಡಿ ಕೋಣೆಯಲ್ಲಿ ಎಲ್ಲರ ಕೈಯಲ್ಲೂ ಚಹಾ, ಮೇಲೆ ಕಿರುಗುಟ್ಟೋ ಫ್ಯಾನು. ನಾನು ಎದ್ದು ನಿಂತು ಡ್ರ್ಯಾಗನ್ ಬಗ್ಗೆ ಶುರು ಮಾಡಿದೆ. ಚೆನ್ನಾಗಿಯೇ ಹೇಳ್ತಿದ್ದೆ, ನಿನ್ನ ಕಣ್ಣೂ ಹೊಳೀತಿತ್ತು. ಅಷ್ಟರಲ್ಲಿ ರಾಕೆಟ್ಟು ಕೈ ಎತ್ತಿ, “ಒಂದು ಸಣ್ಣ ಅನುಮಾನ. ಅಷ್ಟು ದೊಡ್ಡ ಪ್ರಾಣಿ ಹಾರಬೇಕಾದ್ರೆ ದಿನಕ್ಕೆ ಎಷ್ಟು ತಿನ್ನಬೇಕು?” ಅಂದ್ಳು.

“ಅದು ಡ್ರ್ಯಾಗನ್ ರೀ” ಅಂದೆ. “ಲೆಕ್ಕ ಹಾಕಿ ತಿನ್ನಲ್ಲ.”

“ಹಾಗಾದ್ರೆ ಆ ರಾಜ್ಯದಲ್ಲಿ...” ಅಂತ ಅವಳು ಶುರು ಮಾಡಿದ್ಳು, “...ಒಂದು ಹಸುನೂ ಉಳಿದಿರಲ್ಲ!” ಅಂತ ನೀನು ಮುಗಿಸಿದೆ.

ಕೋಣೆಯೆಲ್ಲ ನಕ್ಕಿತು. ನಗಲಿ ಬಿಡು, ನಗೋ ಮಾತೇ ಅದು. ಆದ್ರೆ ಅವಳ ಮಾತನ್ನ ನೀನು ಮುಗಿಸಿದೆ ಕಣೇ. ಇನ್ನೊಬ್ಬರ ಮಾತು ಮುಗಿಸೋದು ಅಂದ್ರೆ ಎಷ್ಟು ದಿನದ ಒಡನಾಟ ಬೇಕು ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ಬಾಯಿಗೆ ಬಂದದ್ದು ಆಡಿದೆ: “ಮನೆಯಲ್ಲಿ ಮಾತಾಡೋಕೆ ಮನುಷ್ಯರಿಲ್ಲದೋರಿಗೆ ಯಂತ್ರದ ಕಥೆ ರುಚಿಸುತ್ತೆ.” ಅವಳು ಒಂಟಿ ಅಂತ ನೀನೇ ಬರೆದಿದ್ದೆಯಲ್ಲ. ಅವಳ ಮುಖ ಕೆಂಪಗಾಯ್ತು. ಸಭೆ ಮುಗಿದಮೇಲೆ ಚೀಲದಿಂದ ಒಂದು ಪುಸ್ತಕ ತೆಗೆದು, ಮೊದಲ ಪುಟದಲ್ಲಿ ಫೋನ್ ನಂಬರ್ ಬರೆದು, “ಓದಿ. ಬೈಯೋದಿದ್ರೆ ಫೋನ್ ಮಾಡಿ” ಅಂತ ಕೊಟ್ಳು. ಅವಳೂ ಕೂಗಾಡಿದ್ರೆ ನನಗೆ ಎಷ್ಟೋ ಸಮಾಧಾನ ಆಗ್ತಿತ್ತು.

ಬಸ್‌ ನಿಲ್ದಾಣದಲ್ಲಿ ನೀನು ನನ್ನ ಚೀಲ ಹಿಡ್ಕೊಂಡು, “ಅವಳು ನನಗೆ ಏನಾಗಿದ್ದಾಳೆ ಅಂತ ನಿನಗೇನು ಗೊತ್ತು?” ಅಂದೆ. “ಗೊತ್ತಾಯ್ತು, ಕಣ್ಣಾರೆ ನೋಡಿದ್ನಲ್ಲ” ಅಂತ ಚೀಲ ಕಿತ್ಕೊಂಡು ಹತ್ತಿಬಿಟ್ಟೆ. ಕಿಟಕಿಯಿಂದ ತಿರುಗಿ ನೋಡಲಿಲ್ಲ. ನೋಡಬೇಕಿತ್ತು.

ಆ ಪುಸ್ತಕವನ್ನ ತಪ್ಪು ಹುಡುಕೋಕೆ ಅಂತಲೇ ತೆಗೆದೆ. ಅಂತರಿಕ್ಷದಲ್ಲಿ ಹೋಗೋ ಒಂದು ಹಡಗು, ಅದರ ತುಂಬಾ ಮಲಗಿರೋ ಜನ. ಊರು ತಲುಪೋವರೆಗೆ ಅವರು ಏಳಲ್ಲ. ಪಕ್ಕದಲ್ಲಿ ಕೂತು ದಿನಾ ಮಾತಾಡ್ತಿರೋಕೆ ಅಂತ ಒಬ್ಬೊಬ್ಬರಿಗೂ ಒಬ್ಬೊಬ್ಬರನ್ನ ನೇಮಿಸಿರ್ತಾರೆ. ಒಬ್ಬಳು ಗುರುತಿಲ್ಲದ ಒಬ್ಬ ಗಂಡಸಿನ ಪಕ್ಕ ಕೂತು ಮಾತಾಡ್ತಾ ಮಾತಾಡ್ತಾ ಮುದುಕಿಯಾಗಿ ಸತ್ತುಹೋಗ್ತಾಳೆ. ಅವನು ಎದ್ದಾಗ ಅವಳು ಯಾರು ಅಂತಲೇ ಅವನಿಗೆ ಗೊತ್ತಿಲ್ಲ, ಆದ್ರೆ ಅವನ ಬಾಯಲ್ಲಿ ಬರೋದೆಲ್ಲ ಅವಳ ಮಾತು, ಅವಳ ಗಾದೆ, ಅವಳ ಬೈಗುಳ. ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಊಟದ ಡಬ್ಬಿ ಮುಚ್ಚಳ ತೆಗೆದಿದ್ದು ಹಾಗೇ ಇತ್ತು. ಕಾವಲುಗಾರ “ಯಾರಾದ್ರೂ ಹೋದ್ರಾ ಮೇಡಂ?” ಅಂತ ಕೇಳಿದ. ಆ ಪುಸ್ತಕ ಚೆನ್ನಾಗಿದೆ ಅನ್ನೋದಕ್ಕಿಂತ ಅದನ್ನ ಅವಳು ಕೊಟ್ಟಳಲ್ಲ ಅನ್ನೋದಕ್ಕೆ ಇನ್ನಷ್ಟು ಉರಿ ಹತ್ತಿತು.

ಓದಿ ಮುಗಿಸಿದಮೇಲೆ ಯಾರ ಹತ್ರಾದ್ರೂ ಹೇಳ್ಕೊಳ್ಳದಿದ್ರೆ ತಡೆಯೋಕಾಗಲ್ಲ, ನಿನಗೂ ಗೊತ್ತು ಆ ಹಿಂಸೆ. ನಿನಗೆ ಬರೆಯೋಕೆ ಅಹಂಕಾರ ಬಿಡಲಿಲ್ಲ. ಗಂಡನಿಗೆ ಹೇಳಿದ್ರೆ ಅವರು ಹಡಗಿಗೆ ಪೆಟ್ರೋಲ್ ಎಲ್ಲಿಂದ ಅಂತಾರೆ. ಕೊನೆಗೆ, ನಗಬೇಡ, ರಾಕೆಟ್ಟಿಗೇ ಫೋನ್ ಮಾಡಿದೆ. ಮೊದಲು ಅವತ್ತಿನ ಮಾತಿಗೆ ಕ್ಷಮೆ ಕೇಳಿದೆ. “ಬಿಡಿ, ಡ್ರ್ಯಾಗನ್ ಹೊಟ್ಟೆಗೆ ಕೈ ಹಾಕಿದ್ದು ನಾನೇ ತಾನೆ?” ಅಂದ್ಳು. ಆಮೇಲೆ ಮಾತಿಗೆ ಮಾತು ಬೆಳೆದು ನನ್ನ ಕಿವಿ ಬಿಸಿಯಾಗಿಹೋಯ್ತು. ಅವಳು ಕೆಟ್ಟವಳಲ್ಲ. ಅದೇ ದೊಡ್ಡ ತೊಂದರೆ.

ಮಗಳಿಗೆ ನನ್ನ ಮುತ್ತು ಕೊಡು, ಓದೋಕೆ ಮೊದಲು ನಕ್ಷೆ ಇರೋ ಪುಸ್ತಕ ಕೊಡು, ರಾಕೆಟ್ಟು ಆಮೇಲೆ ಹಾರಲಿ. ಯಜಮಾನರಿಗೆ ನಮಸ್ಕಾರ. ನೀನು ನೂರು ಕಾಲ ಗಟ್ಟಿಯಾಗಿರು, ನನ್ನ ಆಯಸ್ಸಲ್ಲಿ ಬೇಕಾದಷ್ಟು ತಗೋ.

ನಿನ್ನವಳೇ ಆದ
ಮೂಳೆ

ತಾ.ಕ.: ಕವರಿಗೆ ಹಾಕಿದ ಕಾಗದವನ್ನ ಮತ್ತೆ ತೆಗೆದೆ. ರಾಕೆಟ್ಟು ಇನ್ನೊಂದು ಮಾತು ಹೇಳಿದ್ಳು. ನನಗೆ ಗೊತ್ತೇ ಇರುತ್ತೆ ಅಂದ್ಕೊಂಡು ಹೇಳಿದ್ದು, ಅವಳನ್ನ ಬೈಬೇಡ. “ಆಪರೇಷನ್ ಆದಾಗ ನಿಮ್ಮ ಗೆಳತಿಗೆ ವಾರ್ಡಿನಲ್ಲಿ ಕೂತು ಓದಿ ಹೇಳ್ತಿದ್ದೆ, ಅರ್ಧದಲ್ಲೇ ನಿದ್ದೆ ಹೋಗ್ತಿದ್ಳು” ಅಂದ್ಳು. “ಹೌದೌದು” ಅಂದೆ. ಯಾವ ಆಪರೇಷನ್ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ ಅನ್ನೋದು ಅವಳಿಗೆ ಗೊತ್ತಾಗುತ್ತಲ್ಲ! ಅದಕ್ಕೆ ಎಲ್ಲಾ ಗೊತ್ತಿರೋಳ ಹಾಗೆ ಹೂಂಗುಟ್ಟಿ ಹೂಂಗುಟ್ಟಿ ಒಂದೊಂದೇ ಮಾತು ಹೊರಡಿಸಿಕೊಂಡೆ. ಎದೆಯಲ್ಲಿ ಗಂಟು. ತೆಗೆದಿದ್ದಾರೆ. ಸದ್ಯಕ್ಕೆ ಭಯ ಇಲ್ಲ. ಆ ತಿಂಗಳು ನೀನು ನನಗೆ ಬರೆದ ಕಾಗದ ತೆಗೆದು ನೋಡಿದೆ. ಮಗಳ ಪರೀಕ್ಷೆ, ಬಿಡುವಿಲ್ಲ ಅಂತಿದೆ, ಮೇಲೊಂದು ಜೋಕು.

ಊರವರ ಎದೆಯ ಚಿತ್ರ ತೆಗೆಯೋಳು ನಾನು. ನಿನ್ನದನ್ನ ಯಾರು ತೆಗೆದ್ರು? ಯಂತ್ರ ತಣ್ಣಗಿರುತ್ತೆ, ಬೆಚ್ಚಬೇಡಿ ಅಂತ ಮೊದಲೇ ಹೇಳಿದ್ರಾ? ನನಗೆ ಹೇಳಿದ್ರೆ ಗಾಬರಿಯಾಗ್ತೀನಿ ಅಂತ ಹೇಳಲಿಲ್ವಾ? ಆಗ್ತಿದ್ದೆ ಕಣೇ. ಗಾಬರಿಯಾಗೋ ಹಕ್ಕು ನನ್ನದಾಗಿತ್ತು.

ಮುಂದಿನ ತಪಾಸಣೆ ಬರೋ ಗುರುವಾರ ಅಂತೆ. ರಜ ಹಾಕಿದ್ದೀನಿ. ಬೇಡ ಅಂತ ಬರೀಬೇಡ, ಓದಲ್ಲ. ಅವತ್ತು ಒಳಗೆ ನಿನ್ನ ಪಕ್ಕದ ಕುರ್ಚಿ ನನ್ನದು. ರಾಕೆಟ್ಟು ಬೇಕಿದ್ರೆ ಹೊರಗೆ ಬೆಂಚಿನ ಮೇಲೆ ಕೂತಿರಲಿ.