ಜಗಲಿಯ ಮೇಲೆ ಎಲೆ

ಪೆನ್ನಾಗರಂ
14-3-1994, ಸಂಜೆ ಆರು ಗಂಟೆ

ತಮ್ಮ ಶೇಖರನಿಗೆ, ಅಕ್ಕ ಮೇನಕಾ ಬರೆಯುವುದು.

ದೀಪ ಹಚ್ಚಿ ಈಗ ಕೂತೆ. ಬೆಳಿಗ್ಗೆ ಮನೆ ಸಾರಿಸಿದೆ, ರಾಗಿ ಮಿಲ್ಲಿಗೆ ಹೋಗಿ ಬಂದೆ, ಅವ್ವನ ಸೀರೆಗಳನ್ನು ಬಿಸಿಲಿಗೆ ಹಾಕಿ ಮಡಿಸಿದೆ. ನಾಳೆ ಅವ್ವನ ತಿಥಿ.

ಅವಳನ್ನು ಮಣ್ಣು ಮಾಡಿದ ದಿನ ನೀನು ಸೇಲಂನ ಪಾದ್ರಿ ಕಾಲೇಜಿನಿಂದ ಓಡಿ ಬಂದೆ. ಹಿಡಿ ಮಣ್ಣು ಹಾಕಿ, ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದೆ. ಸಭಾ ಚರಿತ್ರೆ ಪರೀಕ್ಷೆ ಐತೆ ಅಕ್ಕಾ ಅಂದೆ. ಪರೀಕ್ಷೆಗಾಗಿ ಅಲ್ಲವೆಂದು ನನಗೆ ಗೊತ್ತು.

ಅಪ್ಪನ ತಿಥಿ ನೆನಪಾಗುತ್ತದೆ. ನೀನು ದೀಕ್ಷಾಸ್ನಾನ ಮಾಡಿಸಿಕೊಂಡು ಪಾದ್ರಿ ಓದಿಗೆ ಸೇರಿದ ವರ್ಷ. ಮಾರಿಯಪ್ಪ ಮಾವ ಬಾಗಿಲಿಗೆ ಅಡ್ಡ ನಿಂತು, ಕಿರಿಸ್ತಾನ ಆದೋನ್ಗೆ ಜಗಲೀಲಿ ಇಕ್ರಿ ಅಂದ. ನೀನು ಜಗಲಿಯಲ್ಲೇ ಎಲೆ ಮುಂದೆ ಕೂತೆ. ಬಡಿಸಲು ಬಂದ ನನಗೆ ನಿನ್ನ ಪಾಠ ಹೇಳಿದೆ. ಕಿರಿಸ್ತಾನರ ಆದಿಸಭೆಯ ಕಾಲದಲ್ಲಿ ದೀಕ್ಷಾಸ್ನಾನ ಆಗದವರು ಪ್ರಸಂಗ ಕೇಳಬಹುದಿತ್ತಂತೆ. ಕರ್ತನ ಭೋಜನ ಅಂತ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರಂತೆ. ನೀರಲ್ಲಿ ಮುಳುಗ್ದೋರು ಅಲ್ಲಿ ಒಳ್ಗೆ, ಮುಳುಗಿದ ನಾನು ಇಲ್ಲಿ ಒರ್ಗೆ ಕಣಕ್ಕಾ ಅಂದೆ. ನಾನು ಸೆರಗು ಬಾಯಿಗಿಟ್ಟು ನಕ್ಕೆ. ಅವತ್ತು ನಗಬಾರದಿತ್ತು. ಬಾಗಿಲ ಹಿಂದೆ ಅವ್ವ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು.

ಆಮೇಲೆ ನೀನು ಯಾವಾಗ ಬಂದರೂ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲೇ ಉಂಡು ಬರುತ್ತಿದ್ದೆ. ಒಟ್ಟೆ ತುಂಬೈತೆ ಅನ್ನುತ್ತಿದ್ದೆ. ಅವ್ವ ನಿನ್ನ ಪಾಲಿನ ಮುದ್ದೆಯನ್ನು ಮುಚ್ಚಿಡುತ್ತಿದ್ದಳು.

ನಿನಗೆ ಹೇಳದ್ದು ಒಂದಿದೆ. ಆ ತಿಥಿಯಾದ ಮೇಲೆ ಅವ್ವ ಒಂದು ಹೊತ್ತೂ ಒಳಗೆ ಉಣ್ಣಲಿಲ್ಲ. ತಟ್ಟೆ ಹಿಡಿದು ಹೋಗಿ ಜಗಲಿಯಲ್ಲಿ ನೀನು ಕೂತಿದ್ದ ಕಡೆಯೇ ಕೂರುತ್ತಿದ್ದಳು. ಮಳೆ ಬಂದರೂ ಅಷ್ಟೆ. ಕೇಳಿದರೆ, ಒಳ್ಗೆ ಸೆಕೆ ಕಣೇ ಅನ್ನುತ್ತಿದ್ದಳು. ನಾನೂ ಸೆಕೆ ಅಂತಲೇ ನಂಬಿದ್ದೆ. ಕೊನೆಯಲ್ಲಿ ಏಳಲಾಗದೆ ಮಲಗಿದಾಗ, ಗಂಜಿ ಅಲ್ಲೇ ಕುಡೀತೀನಿ, ಎತ್ಕೊಂಡೋಗು, ನನ್ ಮಗ ಉಂಡ ಜಾಗ ಅಂದಳು. ಎತ್ತಿಕೊಂಡು ಹೋಗಿ ಕೂರಿಸಿದೆ. ಎರಡು ಗುಟುಕು ಕುಡಿದಳು. ನಿನಗೆ ಬರೆಯೋಣ ಅಂದುಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಳು.

ಈ ಕಾಗದವನ್ನು ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ಅಣ್ಣಾಮಲೈಗೆ ಕೊಡುತ್ತೇನೆ. ನಿಮ್ಮ ಕಾಲೇಜು ಗೇಟಿಗೆ ತಲುಪಿಸುತ್ತಾರೆ. ಓದಿದ ಕೂಡಲೇ ಹೊರಟು ಬಾ. ಹೋಟೆಲಿನಲ್ಲಿ ಉಣ್ಣಬೇಡ.

ನಿನ್ನ ಅಕ್ಕ,
ಮೇನಕಾ

ಹೇಳಲು ಮರೆತೆ: ಮಾವ ಈಗ ಬಂದಿದ್ದ. ಅವ್ನಿಗೆ ಎಲ್ಲಿ ಎಲೆ ಆಕ್ತೀಯಾ ಅಂತ ಕೇಳಿದ. ಜಗಲೀಲೇ ಅಂದೆ. ಸಮಾಧಾನವಾಗಿ ಹೋದ. ನಾಳೆ ಎಲ್ಲರಿಗೂ ಎಲೆ ಜಗಲಿಯ ಮೇಲೇ. ಒಳಗೆ ಯಾರಿಗೂ ಹಾಕುವುದಿಲ್ಲ.