ಹೇಳದೆ ಬನ್ನಿ

ಪ್ರತಿಷ್ಠಾನದ ಪರಿಶೀಲನಾಧಿಕಾರಿಗಳಿಗೆ ನಮಸ್ಕಾರ.

‘ಸಂಸ್ಥೆ ಸುಸ್ಥಿತಿಯಲ್ಲಿದೆ, ಅನುದಾನದ ತುರ್ತಿಲ್ಲ’ ಎಂಬ ನಿಮ್ಮ ಉತ್ತರ ತಲುಪಿತು. ತಪ್ಪು ನಿಮ್ಮದಲ್ಲ, ಕಂಡದ್ದನ್ನೇ ಬರೆದಿದ್ದೀರಿ.

ಪಾರ್ಶ್ವವಾಯು ಹೊಡೆದವರಿಗೆ ವ್ಯಾಯಾಮ ಮಾಡಿಸುವ ನಮ್ಮ ಕೋಣೆಯನ್ನು ನೋಡಲು ನೀವು ಬರುತ್ತೀರೆಂದು ತಿಳಿದಾಗ, ಮನೆಗೆ ನೆಂಟರು ಬರುತ್ತಾರೇನೋ ಎಂಬಂತೆ ಎಲ್ಲರೂ ಸಡಗರಪಟ್ಟರು. ನೀವು ಕೂತ ಕುರ್ಚಿ ಪಕ್ಕದ ಕ್ಷೌರದಂಗಡಿಯದು. ಪರದೆ ನಮ್ಮತ್ತೆಯದು, ಅದರ ಹಿಂದೆ ಒಡೆದ ಕಿಟಕಿಯಿತ್ತು. ಸೂರು ಸೋರುವ ಕಡೆ ಇಡುವ ಬಕೆಟ್ಟನ್ನು ಅಡಗಿಸಿದವಳು ನಾನೇ. ಹೊಸ ಬಟ್ಟೆ ತೊಟ್ಟು ಭಿಕ್ಷೆಗೆ ಕೂತಂತಾಯಿತು.

ಬಾಗಿಲಲ್ಲಿ ನಿಂತು ನಿಮ್ಮ ಕೈಕುಲುಕಿದರಲ್ಲ, ಹಿಂದೆ ಬಸ್ಸು ಓಡಿಸುತ್ತಿದ್ದ ಅಜ್ಜ, ಅವರನ್ನು ನೋಡಿ ‘ಚೇತರಿಕೆ ತೃಪ್ತಿಕರ’ ಎಂದು ಬರೆದಿದ್ದೀರಿ. ಅವರು ನಿಲ್ಲಲಾರರು. ಅವರ ಸೊಸೆ ಬಾಗಿಲ ಮರೆಯಲ್ಲಿ ನಿಂತು ಹಿಂದಿನಿಂದ ಸೊಂಟ ಹಿಡಿದುಕೊಂಡಿದ್ದಳು. “ಕೂತೇ ಮಾತಾಡ್ಸಿ ಅಜ್ಜ” ಅಂದಿದ್ದೆ. “ದೊಡ್ಡೋರು ಬಂದಾಗ ಕೂತಿರೋಕಾಗುತ್ತೇನಮ್ಮ” ಅಂದರು. ನಿಮ್ಮ ಕಾರು ಬೀದಿ ತಿರುಗುವ ಮೊದಲೇ ಕುಸಿದರು. ಅಂದಿನಿಂದ ಹಾಸಿಗೆ ಬಿಟ್ಟೆದ್ದಿಲ್ಲ.

ಬಾಕಿ ಬಾಡಿಗೆ ಕಟ್ಟದಿದ್ದರೆ ತಿಂಗಳ ಕೊನೆಗೆ ಈ ಕೋಣೆ ಬಿಡಬೇಕು. ಬೇರೆಲ್ಲ ಬಾಗಿಲು ತಟ್ಟಿಯಾಯಿತು. ಕೈಮುಗಿದು ಕೇಳುತ್ತೇನೆ, ಇನ್ನೊಮ್ಮೆ ಬನ್ನಿ. ಬಕೆಟ್ಟು ಅದರ ಜಾಗದಲ್ಲೇ ಇರುತ್ತದೆ. ಆದರೆ ಯಾವತ್ತು ಬರುತ್ತೀರೆಂದು ಯಾರಿಗೂ ತಿಳಿಸಬೇಡಿ, ನನಗೂ ಬೇಡ. ನನ್ನ ಹೊಟ್ಟೆಯಲ್ಲಿ ಗುಟ್ಟು ಉಳಿಯುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಆ ಅಜ್ಜ ಮತ್ತೆ ಎದ್ದು ನಿಲ್ಲುತ್ತೇನೆಂದು ಹಟ ಹಿಡಿಯುತ್ತಾರೆ.

ಇಂತಿ,
ವ್ಯಾಯಾಮ ಮಾಡಿಸುವ ಅಕ್ಕ