ಗುಜರಿಯವನಿಗೆ ಕೀ ಕೊಡಬೇಡ

ಅಪ್ಪಾ,

ಹತ್ತು ಗಂಟೆಗೆ ಗುಜರಿಯವನು ಬಂದರೆ ಟೀ ಕೊಟ್ಟು ವಾಪಸ್ ಕಳಿಸು. ಕಾರಿನ ಕೀ ಕೊಡಬೇಡ. ಎಂಜಿನ್ ಕೆಟ್ಟಿಲ್ಲ.

ಬೆಳಿಗ್ಗೆ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಮೇಲಿನ ಗೆರೆ ದಾಟಿ ಎರಡು ಬೆರಳು ಆಯಿಲ್ ನಿಂತಿತ್ತು. ಹೆಚ್ಚಾದದ್ದು ಉರಿದು ನೀಲಿ ಹೊಗೆಯಾಗುತ್ತಿದೆ, ಅಷ್ಟೇ. ನೀನು ಮರೆತಿರುತ್ತೀಯ ಎಂದು ಪ್ರತಿ ತಿಂಗಳೂ ನಾನು ಸುರಿಯುತ್ತಿದ್ದೆ. ಇವತ್ತು ಸೀಟಿನ ಕೆಳಗೆ ನಿನ್ನ ಡಬ್ಬಿಯೂ ಸಿಕ್ಕಿತು. ನನಗೆಲ್ಲಿ ಪುರುಸೊತ್ತು ಎಂದು ನೀನೂ ಸುರಿಯುತ್ತಿದ್ದೆ, ಅಲ್ಲವೇ? ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಡಬಾರದಿತ್ತೇ.

ಹೆಚ್ಚಿನದನ್ನು ಅಮ್ಮನ ಬೇಸಿನ್ನಿಗೆ ಇಳಿಸಿದ್ದೇನೆ. ಅವಳು ಏಳುವ ಮುಂಚೆ ಅದನ್ನು ಎಲ್ಲಾದರೂ ಬಚ್ಚಿಡು. ಆಮೇಲೆ ಅರ್ಧ ಗಂಟೆ ಕಾರು ಓಡಿಸು. ಮೊದಮೊದಲು ಹೊಗೆ ಬರುತ್ತದೆ, ಬರಬರುತ್ತಾ ನಿಲ್ಲುತ್ತದೆ. ನಿಲ್ಲದಿದ್ದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸೋಣ. ಇನ್ನು ಮೇಲೆ ಆಯಿಲ್ ನೀನೇ ಹಾಕು. ನನ್ನ ಡಬ್ಬಿಯನ್ನೂ ನಿನ್ನದರ ಪಕ್ಕ ಇಟ್ಟಿದ್ದೇನೆ.

ಹೋದ ವಾರ ಆಫೀಸಿನ ಗೇಟಿನಲ್ಲಿ ನನ್ನ ಜೊತೆಯವಳು, "ನಿಮ್ಮಪ್ಪ ಸೊಳ್ಳೆಗೆ ಹೊಗೆ ಹಾಕೋಕೆ ಬಂದ್ರು ಕಣೇ," ಅಂದಾಗ ನಾನೂ ನಕ್ಕೆ. ನಿನಗೆ ಕೇಳಿಸಿತು ಎಂದು ಗೊತ್ತಿರಲಿಲ್ಲ. ಮರುದಿನದಿಂದ ನೀನು ನನ್ನನ್ನು ಕರೆದುಕೊಂಡು ಹೋಗಲು ಬರುವುದನ್ನೇ ಬಿಟ್ಟೆ, ಗುಜರಿಯವನಿಗೆ ಫೋನ್ ಮಾಡಿದೆ. ನಾನು ನಗಬಾರದಿತ್ತು.

ಸಂಜೆ ಆರಕ್ಕೆ ಬಾ. ಮೂಲೆಯಲ್ಲಿ ಬೇಡ, ಗೇಟಿನ ಎದುರಿಗೇ ನಿಲ್ಲಿಸು. ಹೊಗೆ ಬಂದರೂ ಬರಲಿ. ಆ ಜೊತೆಯವಳನ್ನೂ ಹತ್ತಿಸಿಕೊಂಡು ಮನೆಗೆ ಬಿಟ್ಟು ಬರೋಣ.